ಎತ್ತಿಕೊಳ್ಳಬೇಕಾದ ದೇವರು

 

ಯೇಸು ಹುಟ್ಟಿದ ರಾತ್ರಿಯನ್ನು ಸಂತ ಲೂಕ ತನ್ನ ಶುಭಸಂದೇಶದಲ್ಲಿ ಒಂದೆರಡು ಸಾಲಿನೊಳಗೆ ಹೇಳಿ ಮುಗಿಸುತ್ತಾನೆ. ಬೆತ್ಲೆಹೇಮಿಗೆ ಬಂದಿದ್ದಾಗ ಮರಿಯಳಿಗೆ ದಿನ ತುಂಬಿತು. ಚೊಚ್ಚಲು ಮಗನನ್ನು ಹೆತ್ತಳು. ಬಟ್ಟೆಯಲ್ಲಿ ಸುತ್ತಿದಳು. ತಂಗುವಲ್ಲಿ ಜಾಗ ಸಿಗದ ಕಾರಣ ಗೋದಲಿಯಲ್ಲಿ ಮಲಗಿಸಿದಳು. ಅಷ್ಟೆ. ಅದು ಚಳಿಗಾಲವೋ ಬೇಸಿಗೆಯೋ ಹೇಳಿಲ್ಲ. ಸೂಲಗಿತ್ತಿ ಇದ್ದಳೋ ಇಲ್ಲವೋ ಹೇಳಿಲ್ಲ. ಬಾಗಿಲು ಹಾಕಿಕೊಂಡ ಛತ್ರದವನು ನಮ್ಮ ಕ್ರಿಸ್ಮಸ್ ನಾಟಕಗಳಲ್ಲಿ ಬರುತ್ತಾನೆ, ಲೂಕನಲ್ಲಿ ಇಲ್ಲ. ಗೋದಲಿಯ ಪಕ್ಕದಲ್ಲಿ ನಾವು ತಪ್ಪದೆ ಇಡುವ ಎತ್ತು ಮತ್ತು ಕತ್ತೆ ಕೂಡ ಅವನಲ್ಲಿ ಇಲ್ಲ. ಎತ್ತಿಗೂ ಕತ್ತೆಗೂ ಒಡೆಯನ ಗುರುತು ಹತ್ತುತ್ತದೆ, ಜನಕ್ಕೆ ಮಾತ್ರ ಹತ್ತುವುದಿಲ್ಲ ಎಂದು ಪ್ರವಾದಿ ಯೆಶಾಯ ಕೊರಗಿದ್ದನಲ್ಲ, ಅವು ಬಂದದ್ದು ಆ ಕೊರಗಿನಿಂದ.

ಇಷ್ಟು ಮಿತವಾಗಿ ಬರೆಯುವ ಲೂಕ ಗೋದಲಿಯನ್ನು ಮಾತ್ರ ಮೂರು ಸಲ ಹೆಸರಿಸುತ್ತಾನೆ. ತಾಯಿ ಮಗುವನ್ನು ಮಲಗಿಸುವಾಗ ಒಮ್ಮೆ, ದೇವದೂತ ಕುರಿಗಾಹಿಗಳಿಗೆ ಗುರುತು ಹೇಳುವಾಗ ಒಮ್ಮೆ, ಅವರು ಓಡಿಬಂದು ಕಣ್ಣಾರೆ ಕಂಡಾಗ ಮತ್ತೊಮ್ಮೆ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಆ ಸೀಮೆಯ ಹಳೆಯ ನಿವೇಶನಗಳಲ್ಲಿ ಕಲ್ಲಿನಲ್ಲಿ ಕೊರೆದ ಇಂಥ ತೊಟ್ಟಿಗಳು ಸಿಕ್ಕಿವೆ. ನಮ್ಮ ಬಯಲುಸೀಮೆಯ ಹಳೆಯ ಮನೆಗಳಲ್ಲಿ ಮುಂಬಾಗಿಲು ದಾಟಿದೊಡನೆ ದನ ಕಟ್ಟುವ ತಗ್ಗು, ಅದಕ್ಕೆ ಹೊಂದಿಕೊಂಡು ಮೇಲೆ ಪಡಸಾಲೆ ಇರುತ್ತಿತ್ತಲ್ಲ, ಹೆಚ್ಚುಕಡಿಮೆ ಹಾಗೆಯೇ ಅಲ್ಲಿಯ ಬಡಮನೆಗಳಲ್ಲೂ ಜನ ಮತ್ತು ದನ ಒಂದೇ ಸೂರಿನಡಿ ಇರುತ್ತಿದ್ದರು. ಕ್ರಿಸ್ತ ಹುಟ್ಟಿದ್ದು ಗವಿಯಲ್ಲಿ ಎಂಬ ನಂಬಿಕೆಯೂ ಬಹಳ ಹಳೆಯದು, ಎರಡನೆಯ ಶತಮಾನದಲ್ಲೇ ಸಂತ ಜಸ್ಟಿನ್ ಅದನ್ನು ಬರೆದಿಟ್ಟಿದ್ದಾನೆ. ಗವಿಯಾಗಲಿ ಮನೆಯ ತಗ್ಗಾಗಲಿ, ಹಸಿಮೈ ಬಾಣಂತಿಗೆ ಕೂಸನ್ನು ಇಡಲು ಸಿಕ್ಕಿದ್ದು ಮೇವಿನ ತೊಟ್ಟಿ.

ಕುರಿಗಾಹಿಗಳಿಗೆ ಸಿಕ್ಕ ಗುರುತನ್ನು ಗಮನಿಸಿ. ಲೋಕೋದ್ಧಾರಕ ಹುಟ್ಟಿದ್ದಾನೆ ಎಂದ ಮೇಲೆ ಅವನನ್ನು ಪತ್ತೆಹಚ್ಚಲು ಒಂದು ಬೆಳಕನ್ನೋ ಒಂದು ಅರಮನೆಯನ್ನೋ ದೇವದೂತ ತೋರಿಸಬಹುದಿತ್ತು. ಅವನು ತೋರಿಸಿದ್ದು ಬಟ್ಟೆ ಸುತ್ತಿದ, ಗೋದಲಿಯಲ್ಲಿ ಮಲಗಿದ ಒಂದು ಕೂಸನ್ನು. ಬಟ್ಟೆ ಸುತ್ತುವುದು ಎಲ್ಲ ತಾಯಂದಿರೂ ಮಾಡುವ ಕೆಲಸ. ಗೋದಲಿ ಬೇರೇನೂ ಇಲ್ಲದವರು ಮಾಡಿಕೊಂಡ ಏರ್ಪಾಡು. ಕ್ರಿಸ್ತಜಯಂತಿಯ ಒಳಗಿರುವ ವಿಶ್ವಾಸವೆಲ್ಲ ಈ ಗುರುತಿನಲ್ಲೇ ಅಡಗಿದೆ ಎಂದು ನನ್ನ ತಿಳಿವಳಿಕೆ. ದೇವರು ಮನುಷ್ಯರ ನಡುವೆ ಬಂದಾಗ ಯಾರಾದರೂ ಎತ್ತಿಕೊಳ್ಳಲೇಬೇಕಾದ ಸ್ಥಿತಿಯಲ್ಲಿ ಬಂದ. ಹಾಲೂಡಿಸದಿದ್ದರೆ ಬದುಕದ, ಹೊದಿಸದಿದ್ದರೆ ಉಳಿಯದ, ಕುತ್ತಿಗೆ ಇನ್ನೂ ನಿಲ್ಲದ ಮೈಯಲ್ಲಿ ಬಂದ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದೊಂದನ್ನೇ.

ಲೂಕ ಈ ಕೂಸಿನ ಎದುರಿಗೆ ರೋಮಿನ ಚಕ್ರವರ್ತಿಯನ್ನು ನಿಲ್ಲಿಸುತ್ತಾನೆ. ಔಗುಸ್ತ ಚಕ್ರವರ್ತಿ ಖಾನೇಷುಮಾರಿಗೆ ಆಜ್ಞೆ ಹೊರಡಿಸಿದ, ಅದಕ್ಕಾಗಿ ತುಂಬುಗರ್ಭಿಣಿಯೊಬ್ಬಳು ನಜರೇತಿನಿಂದ ಬೆತ್ಲೆಹೇಮಿನವರೆಗೆ ಬರಬೇಕಾಯಿತು ಎಂದು ಕಥೆ ತೊಡಗುತ್ತದೆ. ಔಗುಸ್ತನ ಸಾಕುತಂದೆ ಜೂಲಿಯಸ್ ಸೀಸರನನ್ನು ಸತ್ತ ಮೇಲೆ ದೇವರೆಂದು ಸಾರಲಾಗಿತ್ತು, ಆದ್ದರಿಂದ ಔಗುಸ್ತನ ನಾಣ್ಯಗಳ ಮೇಲೆ ಅವನು ದೇವಪುತ್ರ. ಇಂದಿನ ತುರ್ಕಿಯ ಪಶ್ಚಿಮ ಕರಾವಳಿಯ ಪ್ರಿಯೇನೆ ಎಂಬ ಹಾಳೂರಿನಲ್ಲಿ ಕ್ರಿ.ಪೂ. 9ರ ಒಂದು ಶಾಸನ ಸಿಕ್ಕಿದೆ. ಔಗುಸ್ತನನ್ನು ಉದ್ಧಾರಕನೆಂದು ಕೊಂಡಾಡಿ, ಅವನ ಹುಟ್ಟಿನಿಂದ ಲೋಕಕ್ಕೆ ಶುಭವಾರ್ತೆ ಮೊದಲಾಯಿತು ಎಂದು ಹೇಳಿ, ಅವನ ಹುಟ್ಟುಹಬ್ಬದಿಂದಲೇ ವರ್ಷ ಆರಂಭವಾಗಬೇಕೆಂದು ಆ ಪ್ರಾಂತದವರು ಗೊತ್ತುಮಾಡಿಕೊಂಡಿದ್ದರು. ಶುಭವಾರ್ತೆ, ಉದ್ಧಾರಕ ಎಂಬ ಅದೇ ಮಾತುಗಳನ್ನು ಲೂಕನ ದೇವದೂತ ಮೇವಿನ ತೊಟ್ಟಿಯ ಕೂಸಿಗೆ ಕೊಡುತ್ತಾನೆ. ಅದೂ ರಾತ್ರಿ ಪಾಳಿಯಲ್ಲಿ ಮಂದೆ ಕಾಯುತ್ತಿದ್ದ ಜನರ ಮುಂದೆ. ಅಂದಿನ ಓದುಗರಿಗೆ ಇದರ ಬಿಸಿ ತಟ್ಟದೆ ಇರಲಿಲ್ಲ. ಒಂದು ಕಡೆ ಸಮಸ್ತರನ್ನೂ ಎಣಿಸಿ ಕಂದಾಯ ಎತ್ತಬಲ್ಲ ಶಕ್ತಿ, ಇನ್ನೊಂದು ಕಡೆ ಆ ಎಣಿಕೆಯಲ್ಲಿ ಸೇರಿಹೋದ ಒಂದು ಎಳೆಯ ಜೀವ. ಬಸುರಿಯಾಗಿದ್ದಾಗ ಮರಿಯ ಹಾಡಿದ ಹಾಡೊಂದನ್ನೂ ಲೂಕನೇ ಕೊಟ್ಟಿದ್ದಾನೆ. ಬಲಾಢ್ಯರು ಗದ್ದುಗೆಯಿಂದ ಇಳಿಯುವುದು, ಹಸಿದವರ ಹೊಟ್ಟೆ ತುಂಬುವುದು, ಸಿರಿವಂತರು ಬರಿಗೈಯಲ್ಲಿ ಹೋಗುವುದು ಅದರಲ್ಲಿ ಬರುತ್ತದೆ. ಜಗತ್ತಿನ ಅನೇಕ ಮಠಗಳಲ್ಲಿ ಇಂದಿಗೂ ಪ್ರತಿ ಸಂಜೆ ಅದನ್ನು ಹಾಡುತ್ತಾರೆ. ಅದು ಲಾಲಿಹಾಡು ಅಲ್ಲವೇ ಅಲ್ಲ.

ಕಾಲಗಣನೆಯ ತೊಡಕುಗಳನ್ನು ಇಲ್ಲಿ ಬೆಳೆಸುವುದಿಲ್ಲ. ಯೇಸು ಹುಟ್ಟಿದಾಗ ಆ ನಾಡನ್ನು ಆಳುತ್ತಿದ್ದ ಹೆರೋದ ರಾಜ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಹೆಚ್ಚಿನ ವಿದ್ವಾಂಸರ ಮತ. ಹಾಗಾದರೆ ಯೇಸು ಹುಟ್ಟಿದ್ದು ಅದಕ್ಕೂ ಮುಂಚೆ. 525ರಲ್ಲಿ ಕ್ರಿಸ್ತಶಕದ ಲೆಕ್ಕ ಹಾಕಿದ ಸನ್ಯಾಸಿ ದಿಯೊನೀಸಿಯುಸನ ಎಣಿಕೆ ಕೆಲವು ವರ್ಷ ಹಿಂದುಮುಂದಾಗಿದೆ. ಲೂಕ ಹೇಳುವ ಖಾನೇಷುಮಾರಿಯ ಕಾಲದ ಬಗ್ಗೆಯೂ ಚರ್ಚೆ ಮುಗಿದಿಲ್ಲ. ವಿಶ್ವಾಸ ನಿಂತಿರುವುದು ಈ ಲೆಕ್ಕಗಳ ಮೇಲಲ್ಲ. ಆದರೆ ಅದು ಕಾಲವಿಲ್ಲದ ಒಂದು ಪುರಾಣವಾಗಿ ತೇಲಿಹೋಗಲು ಶುಭಸಂದೇಶಕಾರರು ಬಿಡಲಿಲ್ಲ. ರಾಜ ಯಾರು, ಅಧಿಪತಿ ಯಾರು, ಊರು ಯಾವುದು ಎಂದು ಹಿಡಿದು ಹೇಳಿದರು.

ಸಂತ ಮತ್ತಾಯನ ಶುಭಸಂದೇಶಕ್ಕೆ ಬಂದರೆ ನೋಟವೇ ಬೇರೆ. ಅಲ್ಲಿ ಕುರಿಗಾಹಿಗಳಿಲ್ಲ, ಗೋದಲಿಯಿಲ್ಲ. ಮೂಡಣದಿಂದ ನಕ್ಷತ್ರ ನೋಡಿಕೊಂಡು ಬಂದ ಜ್ಞಾನಿಗಳಿದ್ದಾರೆ. ಅವರು ಮೂವರೆಂದು ಮತ್ತಾಯ ಹೇಳಿಲ್ಲ, ಕಾಣಿಕೆಗಳು ಮೂರು ಅಷ್ಟೆ. ಮಗುವಿನ ಹೆಸರು ಕೇಳಿಯೇ ನಿದ್ದೆಗೆಟ್ಟ ಹೆರೋದನಿದ್ದಾನೆ. ಇವೆಲ್ಲಕ್ಕೂ ಮೊದಲು ಒಂದು ಉದ್ದನೆಯ ವಂಶಾವಳಿ ಇದೆ. ಓದುವವರು ಅದನ್ನು ಹಾರಿಸಿ ಮುಂದೆ ಹೋಗುವುದೇ ರೂಢಿ. ಹಾರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಗಂಡಸರ ಹೆಸರುಗಳ ಆ ಸಾಲಿನಲ್ಲಿ ಮರಿಯಳಿಗೂ ಮೊದಲು ನಾಲ್ವರು ಹೆಂಗಸರು ಬರುತ್ತಾರೆ. ಮಾವನಿಂದ ಮಕ್ಕಳನ್ನು ಪಡೆದ ತಾಮಾರ. ಜೆರಿಕೋ ಪಟ್ಟಣದ ವೇಶ್ಯೆ ರಹಾಬ. ಮೋವಾಬಿನಿಂದ ಬಂದ ಪರದೇಶದ ವಿಧವೆ ರೂತ. ದಾವೀದ ರಾಜ ಕಸಿದುಕೊಂಡ ಊರಿಯನ ಹೆಂಡತಿ. ದೇವರು ಹುಟ್ಟಲು ಆರಿಸಿಕೊಂಡ ಮನೆತನದ ಚರಿತ್ರೆ ಇದು. ಮುಚ್ಚಿಡಬಹುದಾಗಿದ್ದ ಹೆಸರುಗಳನ್ನು ಮತ್ತಾಯ ಎತ್ತಿ ಹೇಳಿದ. ಮನುಷ್ಯಕುಲದ ಕಳಂಕ, ಅನ್ಯಾಯ, ಕಣ್ಣೀರು ಎಲ್ಲವೂ ಸೇರಿದ ರಕ್ತವನ್ನೇ ಆ ಕೂಸು ತನ್ನದಾಗಿಸಿಕೊಂಡಿತು.

ಒಂದು ವಿಷಯ ಅನೇಕರಿಗೆ ಬೆರಗಾಗಬಹುದು. ಕ್ರೈಸ್ತರ ಮೊದಲ ಹಬ್ಬ ಕ್ರಿಸ್ಮಸ್ ಅಲ್ಲ, ಪಾಸ್ಕ, ಅಂದರೆ ಪುನರುತ್ಥಾನದ ಹಬ್ಬ. ಸಂತ ಮಾರ್ಕನ ಶುಭಸಂದೇಶದಲ್ಲಿ ಜನನದ ಕಥೆಯೇ ಇಲ್ಲ. ಸಂತ ಯೊವಾನ್ನ ಇನ್ನೂ ಹಿಂದಕ್ಕೆ, ಸೃಷ್ಟಿಗೂ ಹಿಂದಕ್ಕೆ ಹೋಗಿ, ಆದಿಯಲ್ಲಿದ್ದ ದೇವರ ವಾಕ್ಯವೇ ರಕ್ತಮಾಂಸ ತಳೆಯಿತು ಎಂದು ತೊಡಗುತ್ತಾನೆ. ಸಂತ ಪೌಲನ ಪತ್ರಗಳು ನಾಲ್ಕು ಶುಭಸಂದೇಶಗಳಿಗಿಂತಲೂ ಹಳೆಯವು, ಅವುಗಳಲ್ಲಿ ಜನನದ ಬಗ್ಗೆ ಬರುವುದು ಆತ ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದ ಎಂಬಂಥ ಒಂದೆರಡು ಮಾತು ಮಾತ್ರ. ಡಿಸೆಂಬರ್ 25ರ ಹಬ್ಬ ರೋಮಿನಲ್ಲಿ ನಡೆಯುತ್ತಿತ್ತೆಂದು 354ರ ಒಂದು ಪಂಚಾಂಗದಿಂದ ತಿಳಿಯುತ್ತದೆ. ಪೂರ್ವದ ಕ್ರೈಸ್ತ ಸಭೆಗಳು ಜನವರಿ 6ನ್ನು ಹಿಡಿದಿದ್ದವು. ಅರ್ಮೇನಿಯದ ಪ್ರೇಷಿತ ಸಭೆ ಇಂದಿಗೂ ಆ ದಿನವೇ ಜನನವನ್ನು ಆಚರಿಸುತ್ತದೆ. ಅಂದರೆ ಮೊದಲ ಶಿಷ್ಯರು ಶಿಲುಬೆಯನ್ನೂ ಬರಿದಾದ ಸಮಾಧಿಯನ್ನೂ ಕಂಡು, ಅಲ್ಲಿಂದ ಹಿಂದಿರುಗಿ ಗೋದಲಿಯತ್ತ ನೋಡಿದರು. ಶಿಲುಬೆಯ ಮೇಲೆ ತನ್ನನ್ನು ಪೂರ್ತಿಯಾಗಿ ಕೊಟ್ಟುಕೊಂಡವನು ಮೊದಲ ದಿನದಿಂದಲೂ ಹಾಗೆಯೇ ಇದ್ದ ಎಂದು ಅವರಿಗೆ ಹೊಳೆಯಿತು.

ಗ್ರೀಕರ ಮತ್ತು ರಷ್ಯನ್ನರ ಪುರಾತನ ಜನನಚಿತ್ರಗಳನ್ನು ನೋಡಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಕಪ್ಪು ಗವಿಯ ಬಾಯಲ್ಲಿ ಮಲಗಿದ ಕೂಸಿಗೆ ಸುತ್ತಿದ ಬಿಳಿಯ ಬಟ್ಟೆ ಹೆಣಕ್ಕೆ ಸುತ್ತಿದಂತಿದೆ. ಗೋದಲಿ ಕಲ್ಲಿನ ಶವಪೆಟ್ಟಿಗೆಯಂತಿದೆ. ಜರ್ಮನಿಯ ಲೈಪ್ಜಿಗ್ ನಗರದಲ್ಲಿ ಬಾಖ್ 1734ರ ಕ್ರಿಸ್ಮಸ್ಸಿಗೆಂದು ಕಟ್ಟಿದ ಸಂಗೀತಕೃತಿಯಲ್ಲಿ ಮೊದಲು ಬರುವ ಸಭಾಗೀತೆಯ ಧಾಟಿ ನಾವು ಶುಭ ಶುಕ್ರವಾರದಲ್ಲಿ ಕೇಳುವ ಮುಳ್ಳಿನ ಕಿರೀಟದ ಹಾಡಿನದು. ಕನ್ನಡದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನನ್ನು ಕುರಿತು ಖಂಡಕಾವ್ಯ ಬರೆಯಲು ಕುಳಿತಾಗ ಆರಿಸಿಕೊಂಡದ್ದೂ ಹುಟ್ಟಿದ ರಾತ್ರಿಯನ್ನಲ್ಲ, ಗೊಲ್ಗೊಥಾ ಬೆಟ್ಟದ ಕೊನೆಯ ದಿನವನ್ನು. ಕ್ರೈಸ್ತ ಸಮುದಾಯದವರಲ್ಲದ ಆ ಮಹಾಕವಿಗೆ ವಿಷಯದ ತಿರುಳು ಸಿಕ್ಕಿತ್ತು ಎಂದು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಈ ಕೂಸು ಯಾರು ಎಂಬ ಪ್ರಶ್ನೆಯನ್ನು ಸಭೆ ನೂರಾರು ವರ್ಷ ಜಗ್ಗಾಡಿತು. ಮೊದಮೊದಲು ಕೆಲವರು, ದೇವರಿಗೆ ಮೈಯೆಲ್ಲಿಯದು, ಕಂಡದ್ದು ಬರೀ ತೋರಿಕೆ ಎಂದರು. ಅಲೆಕ್ಸಾಂಡ್ರಿಯದ ಆರಿಯುಸ್, ಪುತ್ರನು ಸೃಷ್ಟಿಗಳಲ್ಲಿ ಶ್ರೇಷ್ಠನೇ ಹೊರತು ತಂದೆಗೆ ಸಮನಲ್ಲ ಎಂದ. 325ರಲ್ಲಿ ನಿಕೇಯ ಪಟ್ಟಣದಲ್ಲಿ ಸೇರಿದ ಧರ್ಮಾಧ್ಯಕ್ಷರು ಅದನ್ನು ಒಪ್ಪದೆ, ತಂದೆಯೂ ಪುತ್ರನೂ ಒಂದೇ ತತ್ತ್ವದವರೆಂದು ಸಾರಿದರು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿಯುವುದು ನೂರು ವರ್ಷದ ಬಳಿಕ ಬಂದ ನೆಸ್ತೋರಿಯನ ಪ್ರಸಂಗ. ಆತ ಕಾನ್‌ಸ್ಟಾಂಟಿನೋಪಲಿನ ಮಹಾಧರ್ಮಾಧ್ಯಕ್ಷ. ಎರಡು ಮೂರು ತಿಂಗಳ ಕೂಸನ್ನು ದೇವರೆಂದು ಕರೆಯಲು ತನ್ನ ನಾಲಗೆ ಏಳದು ಎಂಬ ಅರ್ಥದ ಮಾತನ್ನು ಅವನು ಆಡಿದನೆಂದು ಅದೇ ಶತಮಾನದ ಚರಿತ್ರೆಕಾರ ಸೊಕ್ರಟೀಸ್ ದಾಖಲಿಸಿದ್ದಾನೆ. ಮರಿಯಳನ್ನು ಕ್ರಿಸ್ತನ ತಾಯಿ ಎನ್ನೋಣ, ದೇವರ ತಾಯಿ ಎನ್ನುವುದು ಬೇಡ ಎಂಬುದು ಅವನ ನಿಲುವು.

ಆ ಹಿಂಜರಿಕೆಯನ್ನು ಹಗುರವಾಗಿ ಕಾಣಬಾರದು. ಅದರ ಹಿಂದೆ ಇದ್ದದ್ದು ದೇವರ ಮೇಲಿನ ಗೌರವ. ಮೂಡಿ ಮುಳುಗುವ ಸೂರ್ಯನನ್ನು ನಡೆಸುವವನು ಹಸಿದು ಅತ್ತ, ತಾಯಿಯ ಮಡಿಲನ್ನು ಒದ್ದೆ ಮಾಡಿದ ಎಂದರೆ ದೇವರ ಘನತೆಗೆ ಕುಂದಲ್ಲವೇ ಎಂದು ಭಕ್ತನಿಗೆ ಅನಿಸುವುದು ಸಹಜ. 431ರಲ್ಲಿ ಎಫೆಸ ಪಟ್ಟಣದ ಮಹಾಸಭೆ ಅದಕ್ಕೆ ಕೊಟ್ಟ ಉತ್ತರ, ಕುಂದಲ್ಲ ಎಂಬುದೇ. ಆ ಮಹಾಸಭೆಯಲ್ಲಿ ಹಠವಿತ್ತು, ರಾಜಕೀಯವಿತ್ತು, ನಡೆದುಕೊಂಡ ರೀತಿ ಎಲ್ಲವೂ ಮೆಚ್ಚುವಂಥದ್ದಲ್ಲ. ಆದರೆ ತೀರ್ಮಾನ ಗಟ್ಟಿಯಾದದ್ದು. ಮರಿಯ ಹೆತ್ತದ್ದು ದೇವರು ತಂಗಲು ಬಂದ ಒಂದು ಮೈಯನ್ನಲ್ಲ, ದೇವಪುತ್ರನನ್ನೇ. ಆದ್ದರಿಂದ ಅವಳು ದೇವಮಾತೆ. 451ರಲ್ಲಿ ಕಾಲ್ಸೆದೋನಿನ ಮಹಾಸಭೆ, ಅವನು ಪೂರ್ಣ ದೇವರು, ಪೂರ್ಣ ಮನುಷ್ಯ, ಎರಡೂ ಕಲಸಿಹೋಗದೆ ಬೇರೆಯೂ ಆಗದೆ ಒಬ್ಬನೇ ಎಂದು ಸೂತ್ರ ಹಾಕಿತು. ಕೋಪ್ಟಿಕ್, ಸಿರಿಯಾಕ್, ಅರ್ಮೇನಿಯ ಸಭೆಗಳು ಆ ಸೂತ್ರದ ಮಾತುಗಳನ್ನು ಒಪ್ಪಲಿಲ್ಲ. ಆದರೆ ಆ ಕೂಸು ದೇವರೂ ಹೌದು, ಮನುಷ್ಯನೂ ಹೌದು ಎಂಬಲ್ಲಿ ಅವರಿಗೂ ತಕರಾರಿಲ್ಲ. ಇಷ್ಟು ಪಟ್ಟು ಏಕೆ ಎಂದರೆ ಅದಕ್ಕೆ ಕಾರಣವಿದೆ. ಮನುಷ್ಯತ್ವದಲ್ಲಿ ಆತ ತನ್ನದಾಗಿಸಿಕೊಳ್ಳದೆ ಬಿಟ್ಟ ಭಾಗ ಗುಣವಾಗದೆಯೇ ಉಳಿಯುತ್ತದೆ ಎಂಬುದು ನಾಲ್ಕನೆಯ ಶತಮಾನದ ನಜಿಯಾನ್ಸಸಿನ ಸಂತ ಗ್ರೆಗೋರಿಯ ವಾದ. ಹಸಿವು, ನಿದ್ದೆ, ಭಯ, ಬೆಳೆಯುವ ನಿಧಾನ, ಕೊನೆಗೆ ಸಾವು, ಇವುಗಳಲ್ಲಿ ಯಾವುದನ್ನು ದೇವರು ಹೊರಗಿಟ್ಟಿದ್ದರೂ ನಮ್ಮ ಬಾಳಿನ ಆ ಭಾಗ ದೇವರಿಲ್ಲದೆ ಅನಾಥವಾಗುತ್ತಿತ್ತು.

ನಮ್ಮ ನೆಲದಲ್ಲಿ ಬೆಳೆದವರಿಗೆ ದೇವರು ಮಗುವಾಗುವ ಮಾತು ಹೊಸದಲ್ಲ. ಗೋಕುಲದ ಕೃಷ್ಣನ ಬಾಲಲೀಲೆಗಳನ್ನು ಕೇಳದೆ ಬೆಳೆದ ಕನ್ನಡಿಗರು ಯಾರಿದ್ದಾರೆ? ಆ ಕೂಸು ಪೂತನಿಯನ್ನು ಕೊಲ್ಲುತ್ತದೆ, ಬಾಯಿ ತೆರೆದು ತಾಯಿಗೆ ಬ್ರಹ್ಮಾಂಡವನ್ನು ತೋರಿಸುತ್ತದೆ. ಮಗುತನದ ಒಳಗಿಂದ ದೈವತ್ವ ಮಿಂಚಿ ಹೊರಬರುವುದೇ ಆ ಕಥೆಗಳ ಸೊಗಸು, ಅದರ ಭಕ್ತಿಗೆ ಅದರದೇ ಆಳವಿದೆ. ಬೆತ್ಲೆಹೇಮಿನ ಕಥೆಯ ದಾರಿ ಬೇರೆ. ಅಲ್ಲಿ ಕೂಸು ಏನನ್ನೂ ಮಾಡುವುದಿಲ್ಲ. ಹೆರೋದ ಕೊಲ್ಲಿಸಲು ಹೊರಟಾಗ ಅದು ತನ್ನನ್ನು ತಾನು ಕಾಪಾಡಿಕೊಳ್ಳುವುದಿಲ್ಲ, ದೊಡ್ಡವರು ಎತ್ತಿಕೊಂಡು ಓಡಬೇಕು. ಬಾಲಯೇಸು ಮಣ್ಣಿನ ಗುಬ್ಬಿಗಳಿಗೆ ಜೀವ ಕೊಟ್ಟ ಎಂಬಂಥ ಪವಾಡಕಥೆಗಳು ಮುಂದೆ ಹುಟ್ಟಿಕೊಂಡವು, ಜನ ಅವನ್ನು ಇಷ್ಟಪಟ್ಟರು ಕೂಡ. ಸಭೆ ಮಾತ್ರ ಅವನ್ನು ಬೈಬಲ್ಲಿನೊಳಗೆ ಸೇರಿಸಿಕೊಳ್ಳಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಜೆರುಸಲೇಮಿನ ದೇವಾಲಯದಲ್ಲಿ ಮಾತಾಡುವವರೆಗೆ ಶುಭಸಂದೇಶದಲ್ಲಿ ಯೇಸುವಿನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಬಲವನ್ನು ಬದಿಗಿಟ್ಟು ಬಂದವನು ಎಂಬುದನ್ನು ಶುಭಸಂದೇಶಕಾರರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಹಾಗಾದರೆ ದೇವರನ್ನು ಎತ್ತಿಕೊಂಡವರು ಯಾರು ಎಂದು ನೋಡಬೇಕು. ಮರಿಯ ಒಪ್ಪಿಕೊಂಡಳು. ಅವಳು ಒಪ್ಪಿಕೊಳ್ಳಲಿ ಎಂದು ದೇವರು ಕಾದ ಎಂಬುದನ್ನು ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡ್ ತನ್ನ ಪ್ರವಚನದಲ್ಲಿ ಬಹಳ ಭಾವಪೂರ್ಣವಾಗಿ ಬಣ್ಣಿಸಿದ್ದಾನೆ. ಇನ್ನು ಜೋಸೆಫ. ನಾಲ್ಕು ಶುಭಸಂದೇಶಗಳನ್ನು ಹುಡುಕಿದರೂ ಈ ಬಡಗಿಯ ಬಾಯಿಂದ ಹೊರಟ ಒಂದು ಮಾತು ಸಿಗುವುದಿಲ್ಲ. ಅವನು ಕನಸು ಕಾಣುತ್ತಾನೆ, ಎದ್ದು ಹೇಳಿದ್ದನ್ನು ಮಾಡುತ್ತಾನೆ. ರಾತ್ರೋರಾತ್ರಿ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಡುತ್ತಾನೆ. ದೇವಪುತ್ರನ ಪ್ರಾಣ ಆ ಹೊತ್ತಿಗೆ ಒಬ್ಬ ಮನುಷ್ಯನ ಜವಾಬ್ದಾರಿಯ ಮೇಲೆ ನಿಂತಿತ್ತು.

ಇನ್ನೊಬ್ಬ ಸಿಮೆಯೋನ. ಮಗುವಿಗೆ ನಲವತ್ತು ದಿನವಾದಾಗ ತಂದೆತಾಯಿ ಅದನ್ನು ದೇವಾಲಯಕ್ಕೆ ತಂದರು. ಬಾಣಂತಿಯ ಶುದ್ಧೀಕರಣಕ್ಕೆ ಮೋಶೆಯ ಧರ್ಮಶಾಸ್ತ್ರ ಒಂದು ಕುರಿಮರಿಯನ್ನು ಕೇಳುತ್ತದೆ, ಅಷ್ಟು ಅನುಕೂಲವಿಲ್ಲದವರು ಎರಡು ಪಾರಿವಾಳ ಕೊಡಬಹುದು. ಮರಿಯ ಮತ್ತು ಜೋಸೆಫ ಕೊಟ್ಟದ್ದು ಬಡವರ ಕಾಣಿಕೆ. ಉದ್ಧಾರಕನಿಗಾಗಿ ಜೀವಮಾನವೆಲ್ಲ ಕಾದುಕುಳಿತಿದ್ದ ಸಿಮೆಯೋನ ಮಗುವನ್ನು ಕೈಗೆ ತೆಗೆದುಕೊಂಡು, ಇನ್ನು ತಾನು ಹೋಗಬಹುದು ಎಂದ. ಅದೇ ಉಸಿರಿನಲ್ಲಿ ತಾಯಿಗೆ, ನಿನ್ನ ಹೃದಯವನ್ನು ಅಲಗೊಂದು ಹೊಕ್ಕುಹೋಗುತ್ತದೆ ಎಂದೂ ಹೇಳಿದ. ದೇವರು ಇಷ್ಟು ಹತ್ತಿರ ಬಂದರೆ ನೋವೂ ಜೊತೆಗೇ ಬರುತ್ತದೆ ಎಂದು ಆ ವೃದ್ಧನಿಗೆ ಗೊತ್ತಿತ್ತು.

ಇದನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಮಾಡಿದವನು ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರ ಡಿಸೆಂಬರ್. ಅದರ ಹಿಂದಿನ ತಿಂಗಳ 29ರಂದು ಜಗದ್ಗುರು ಪೋಪ್ ಮೂರನೆಯ ಹೊನೋರಿಯಸ್ ಅವನ ಸನ್ಯಾಸಿಬಳಗದ ನಿಯಮಕ್ಕೆ ಒಪ್ಪಿಗೆ ಕೊಟ್ಟಿದ್ದ. ಹಬ್ಬಕ್ಕೆ ಸುಮಾರು ಹದಿನೈದು ದಿನ ಇರುವಾಗ ಫ್ರಾನ್ಸಿಸ್ ಗ್ರೆಚ್ಚೊ ಎಂಬ ಬೆಟ್ಟದೂರಿನ ಯೊವಾನ್ನ ಎಂಬ ಗೃಹಸ್ಥನಿಗೆ ಹೇಳಿಕಳಿಸಿದ. ಆ ಮಗು ಪಟ್ಟ ಇಕ್ಕಟ್ಟನ್ನು, ಹುಲ್ಲಿನ ಮೇಲೆ ಅದು ಮಲಗಿದ್ದ ಬಗೆಯನ್ನು ಈ ಕಣ್ಣಿನಿಂದಲೇ ನೋಡಬೇಕು ಎಂಬುದು ಅವನ ಆಸೆ. ಗೋದಲಿ ಬಂತು, ಹುಲ್ಲು ಬಂತು, ಒಂದು ಎತ್ತನ್ನೂ ಒಂದು ಕತ್ತೆಯನ್ನೂ ಹಿಡಿದು ತಂದರು. ಆ ರಾತ್ರಿ ಸುತ್ತಲಿನ ಜನ ಪಂಜು ಹಿಡಿದು ಕಾಡಿನ ದಾರಿಯಲ್ಲಿ ಬಂದರು. ಗೋದಲಿಯ ಮೇಲೆಯೇ ರೊಟ್ಟಿಯನ್ನು ಅರ್ಪಿಸುವ ಬಲಿಪೂಜೆ ನಡೆಯಿತು. ಗುರುಪಟ್ಟವಿಲ್ಲದ ಫ್ರಾನ್ಸಿಸ್ ಸೇವಾದರ್ಶಿಯ ಉಡುಪಿನಲ್ಲಿ ಶುಭಸಂದೇಶವನ್ನು ಹಾಡಿ ಪ್ರವಚನ ಮಾಡಿದ. ಐದಾರು ವರ್ಷದೊಳಗೆ ಅವನ ಚರಿತ್ರೆ ಬರೆದ ಚೆಲಾನೊದ ಥಾಮಸ್ ಈ ವಿವರ ಕೊಟ್ಟಿದ್ದಾನೆ. ಅವನ ಬರಹದಲ್ಲಿ ಮರಿಯಳ ಪ್ರತಿಮೆಯಿಲ್ಲ, ಜೋಸೆಫನ ಪ್ರತಿಮೆಯಿಲ್ಲ. ಇರುವುದು ಹುಲ್ಲು, ಪಶುಗಳು, ಜನ, ಮತ್ತು ಗೋದಲಿಯ ಮೇಲೆ ಎತ್ತಿದ ರೊಟ್ಟಿ. ಪಶುಗಳ ಆಹಾರ ಇಡುವ ಜಾಗದಲ್ಲಿ ಮಲಗಿದವನು ಪರಮಪ್ರಸಾದದಲ್ಲಿ ಮನುಷ್ಯರ ಆಹಾರವಾಗುತ್ತಾನೆ ಎಂಬುದನ್ನು ಅದಕ್ಕಿಂತ ಸರಳವಾಗಿ ತೋರಿಸಲು ಆಗದು. ಕ್ರಿಸ್ಮಸ್ ದಿನ ಸಿರಿವಂತರು ಬಡವರಿಗೆ ಹೊಟ್ಟೆತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೆ ಮೇವು ಹೆಚ್ಚು ಹಾಕಬೇಕು, ಹಕ್ಕಿಗಳಿಗೆಂದು ದಾರಿಯಲ್ಲಿ ಕಾಳು ಚೆಲ್ಲಬೇಕು ಎಂಬುದೂ ಫ್ರಾನ್ಸಿಸನ ಬಯಕೆಯಾಗಿತ್ತು.

ನಮ್ಮ ಮನೆಗಳ ಗೋದಲಿ ಆ ಗ್ರೆಚ್ಚೊದ ಸಂತಾನ. ಕೆಲವು ಮನೆಗಳಲ್ಲಿ ಹಬ್ಬಕ್ಕೆ ಒಂದು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತಾರೆ, ಹಬ್ಬದ ಹೊತ್ತಿಗೆ ಅದು ಬೆರಳುದ್ದ ಹಸಿರು ಹೊಲವಾಗಿ ಕುರಿಗಳ ಸುತ್ತ ನಿಲ್ಲುತ್ತದೆ. ಗುಡಿಸಲು, ಕುರಿಗಾಹಿಗಳು, ಎಲ್ಲ ಸಿದ್ಧವಾದರೂ ನಡುವಿನ ಗೋದಲಿಯನ್ನು 24ರ ರಾತ್ರಿಯವರೆಗೆ ಖಾಲಿ ಬಿಟ್ಟಿರುತ್ತಾರೆ. ದೇವಾಲಯದಲ್ಲಿ ನಡುರಾತ್ರಿಯ ಪೂಜೆಗೆ ಗುರುಗಳು ಅಂಗೈ ಮೇಲೆ ಬಾಲಯೇಸುವಿನ ಸ್ವರೂಪವನ್ನು ಹೊತ್ತು ತಂದು ಅಲ್ಲಿ ಮಲಗಿಸುತ್ತಾರೆ. ಆಮೇಲೆ ಜನ ಸಾಲಾಗಿ ಬಂದು ಆ ಪುಟ್ಟ ಪಾದಕ್ಕೆ ಮುತ್ತಿಡುತ್ತಾರೆ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಈ ಮಗುವಿನ ಮುಂದೆ ಗುರುವಾರ ಗುರುವಾರ ಎಲ್ಲ ಮತದವರೂ ನಿಲ್ಲುತ್ತಾರೆ. ಅಲ್ಲಿಯ ಸ್ವರೂಪಕ್ಕೆ ಪ್ರಾಗ್ ನಗರದ ಮಾದರಿಯಂತೆ ಕಿರೀಟವೂ ಜರತಾರಿ ನಿಲುವಂಗಿಯೂ ಇವೆ. ಭಕ್ತರ ಪ್ರೀತಿ ತೊಡಿಸಿದ ಉಡುಗೆ ಅದು. ಆದರೆ ಅದರೊಳಗಿರುವವನು ತೊಟ್ಟಿಯಲ್ಲಿ ಮಲಗಿದ ಮಗು ಎಂಬುದನ್ನು ನೆನಪಿಡಬೇಕಾದ ಹೊಣೆ ನಮ್ಮದು.

ಈ ಎಚ್ಚರಿಕೆ ನನ್ನದಲ್ಲ, ಸಂತ ಜೆರೋಮನದು. ಬೈಬಲನ್ನು ಲ್ಯಾಟಿನ್ನಿಗೆ ತಂದ ಆ ಮಹಾವಿದ್ವಾಂಸ 386ರಿಂದ ಸಾಯುವವರೆಗೆ ಬೆತ್ಲೆಹೇಮಿನಲ್ಲೇ ಇದ್ದ. ಗವಿಯಲ್ಲಿದ್ದ ಮಣ್ಣಿನ ಗೋದಲಿಯನ್ನು ತೆಗೆದು ಬೆಳ್ಳಿಯದನ್ನು ಇಟ್ಟಿದ್ದಾರೆ, ನನಗೆ ತೆಗೆದುಹಾಕಿದ್ದೇ ಹೆಚ್ಚು ಬೆಲೆಯುಳ್ಳದ್ದು ಎಂದು ಅವನು ಕ್ರಿಸ್ಮಸ್ ಪ್ರವಚನದಲ್ಲಿ ನೊಂದು ಹೇಳಿದ. ಕಾನ್‌ಸ್ಟಾಂಟಿನ್ ಚಕ್ರವರ್ತಿ ಅಲ್ಲಿ ಕಟ್ಟಿಸಿದ್ದ ದೇವಾಲಯ ಹಾಳಾದ ಮೇಲೆ ಆರನೆಯ ಶತಮಾನದಲ್ಲಿ ಮತ್ತೆ ಎದ್ದದ್ದು ಇಂದಿಗೂ ನಿಂತಿದೆ. ಅದರ ಬಾಗಿಲ ಎತ್ತರ ಸುಮಾರು ನಾಲ್ಕು ಅಡಿ, ಎಂಥವರೂ ಬಗ್ಗಿಯೇ ಒಳಗೆ ಹೋಗಬೇಕು. ಗವಿಯ ನೆಲದಲ್ಲಿ ಹದಿನಾಲ್ಕು ಮೂಲೆಯ ಬೆಳ್ಳಿ ನಕ್ಷತ್ರವೊಂದಿದೆ. ಇದಕ್ಕೂ ಮೊದಲು ಅಲ್ಲಿದ್ದ ನಕ್ಷತ್ರ 1847ರಲ್ಲಿ ಕಳುವಾಗಿ, ಅಲ್ಲಿಯ ಕ್ರೈಸ್ತ ಪಂಗಡಗಳ ನಡುವೆ ಎದ್ದ ಜಗಳ ಬೆಳೆದು, 1853ರಲ್ಲಿ ತೊಡಗಿದ ಕ್ರಿಮಿಯ ಯುದ್ಧದ ಕಾರಣಗಳಲ್ಲಿ ಒಂದಾಯಿತು. ನಿರಾಯುಧನಾಗಿ ಬಂದವನ ತೊಟ್ಟಿಲ ಬಳಿಯ ಜಗಳ ಯುದ್ಧಕ್ಕೆ ದಾರಿಮಾಡಿದ್ದು ಕ್ರೈಸ್ತರಾದ ನಮಗೆ ನಾಚಿಕೆಯ ಸಂಗತಿ.

ಪಂಚಾಂಗದಲ್ಲಿ ಕ್ರಿಸ್ಮಸ್ ಆಗಿ ಮೂರೇ ದಿನಕ್ಕೆ, ಡಿಸೆಂಬರ್ 28ಕ್ಕೆ, ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಹಸುಳೆಗಳ ಸ್ಮರಣೆ ಬರುತ್ತದೆ. ಸಭೆ ಇದನ್ನು ಹಬ್ಬದ ಸಂಭ್ರಮದಿಂದ ದೂರ ಸರಿಸದೆ ಅದರ ಮಗ್ಗುಲಲ್ಲೇ ಇರಿಸಿತು. 2023ರ ಡಿಸೆಂಬರಿನಲ್ಲಿ ಗಾಜಾ ಯುದ್ಧದ ಕಾರಣ ಬೆತ್ಲೆಹೇಮಿನಲ್ಲಿ ಸಾರ್ವಜನಿಕ ಆಚರಣೆಗಳು ನಿಂತಾಗ, ಅಲ್ಲಿಯ ಲೂಥರನ್ ದೇವಾಲಯದವರು ಹುಲ್ಲಿನ ಬದಲು ಒಡೆದ ಇಟ್ಟಿಗೆ ಕಲ್ಲುಗಳ ರಾಶಿಯ ನಡುವೆ ಬಾಲಯೇಸುವನ್ನು ಮಲಗಿಸಿದರು. ಜನನದ ಕಥೆಯನ್ನು ಅವರು ಸರಿಯಾಗಿಯೇ ಓದಿಕೊಂಡಿದ್ದರು.

ಆ ಲೂಥರನ್ ಸಭೆಗೆ ಹೆಸರು ಕೊಟ್ಟ, ಕಥೋಲಿಕ ಸಭೆಯಿಂದ ಬೇರೆಯಾದ ಮಾರ್ಟಿನ್ ಲೂಥರ್ ತನ್ನ ಕ್ರಿಸ್ಮಸ್ ಪ್ರವಚನವೊಂದರಲ್ಲಿ ಜನರನ್ನು ನೇರವಾಗಿ ಕೆಣಕುತ್ತಾನೆ. ನಾವು ಅಲ್ಲಿದ್ದಿದ್ದರೆ ಮಗುವಿನ ಬಟ್ಟೆ ಒಗೆದುಕೊಡುತ್ತಿದ್ದೆವು, ನೆರವಾಗುತ್ತಿದ್ದೆವು ಎನ್ನುತ್ತೀರಿ; ಈಗೇಕೆ ಮಾಡುವುದಿಲ್ಲ, ನಿಮ್ಮ ನೆರೆಯವನಲ್ಲಿ ಕ್ರಿಸ್ತನಿದ್ದಾನಲ್ಲ ಎಂಬುದು ಅವನ ಮಾತಿನ ಸಾರ. ನಾನು ಕಥೋಲಿಕ ಮನೆಯಲ್ಲಿ ಬೆಳೆದವನು. ಆದರೂ ಈ ಮಾತಿಗಿಂತ ನೇರವಾದ ಕ್ರಿಸ್ಮಸ್ ಬೋಧನೆಯನ್ನು ಕೇಳಿಲ್ಲ. ದೇವರು ಎತ್ತಿಕೊಳ್ಳಬೇಕಾದ ಕೂಸಾಗಿ ಬಂದದ್ದು ನಿಜವಾದರೆ, ಯಾರಾದರೂ ಎತ್ತಿಕೊಳ್ಳದೆ ಬದುಕದ ಜೀವಗಳೆಲ್ಲ ಅವನಿಗೆ ಸೇರಿದವು. ಹುಟ್ಟಿದ ಕೂಡಲೇ ತೊರೆದ ಕೂಸು, ಮಗ್ಗುಲು ಬದಲಿಸಲೂ ಆಗದ ಮುದುಕಿ, ಊರು ಬಿಟ್ಟು ಗುಳೆ ಬಂದು ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಹೆರುವ ತಾಯಿ, ಇವರ ಮುಂದೆ ಬಗ್ಗದವನು ಗೋದಲಿಯ ಮುಂದೆ ಬಗ್ಗಿ ಪ್ರಯೋಜನವಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಕಥೋಲಿಕ ದೇವಾಲಯಗಳಲ್ಲಿ ಗೋದಲಿಯನ್ನು ಜನವರಿಯ ಮೊದಲ ವಾರ ಕಳೆಯುವವರೆಗೂ ತೆಗೆಯುವುದಿಲ್ಲ. ನೋಡಲು ಬಂದವರ ಮತ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬನ್ನಿ. ಬರುವ ಮುನ್ನ ಲೂಕ ಮತ್ತು ಮತ್ತಾಯರ ಮೊದಲ ಎರಡೆರಡು ಅಧ್ಯಾಯಗಳನ್ನು ಓದಿಕೊಳ್ಳಿ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಪಟ್ಟ ಶ್ರಮದಿಂದ 1831ರ ಹೊತ್ತಿಗೇ ಇಡೀ ಬೈಬಲ್ ಕನ್ನಡಕ್ಕೆ ಬಂದಿದೆ, ಈಗ ಸುಲಭವಾದ ಅನುವಾದಗಳೂ ಸಿಗುತ್ತವೆ. ನಾಲ್ಕು ಅಧ್ಯಾಯಕ್ಕೆ ಅರ್ಧ ಗಂಟೆ ಸಾಕು. ಒಂದನ್ನು ಇನ್ನೊಂದರೊಡನೆ ಬೆರೆಸದೆ, ಬೇರೆ ಬೇರೆಯಾಗಿ, ವಂಶಾವಳಿಯನ್ನೂ ಬಿಡದೆ ಓದಿ.